ಹದಿಹರೆಯದಿಂದ ಇಳಿವಯಸ್ಸಿನವರೆಗೆ: ಮನಸ್ಸಿನ ಬೆಳವಣಿಗೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ಮಧ್ಯೆ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲು ಸುಲಭದ್ದು, ಕೊನೆಗೆ ಸ್ವಲ್ಪ ತಲೆ ಕೆಡಿಸುವಂಥದ್ದು. ಎಲ್ಲವನ್ನೂ ಓದಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ್ದಕ್ಕೆ ನೇರ ಹೋಗಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರುವ ವಯಸ್ಸುಗಳೆಲ್ಲ ಸರಾಸರಿ. ಸರಾಸರಿಯನ್ನು ಗಡುವು ಅಂದುಕೊಂಡಿದ್ದರಿಂದಲೇ ಇವುಗಳಲ್ಲಿ ಅರ್ಧ ಪ್ರಶ್ನೆಗಳು ಹುಟ್ಟಿವೆ ಅಂತ ನನಗನಿಸುತ್ತದೆ.

## ಹದಿಹರೆಯ

ಹದಿಹರೆಯ ಅಂದ್ರೆ ಸರಿಯಾಗಿ ಯಾವ ವಯಸ್ಸು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10 ರಿಂದ 19. ಆದರೆ 2018ರಲ್ಲಿ ಕೆಲವು ತಜ್ಞರು ಇದನ್ನು 10 ರಿಂದ 24 ಅಂತ ಹಿಗ್ಗಿಸಬೇಕು ಎಂದು ವಾದಿಸಿದರು. ದೇಹದ ಬದಲಾವಣೆ ಮೊದಲಿಗಿಂತ ಬೇಗ ಶುರುವಾಗುತ್ತಿದೆ, ಓದು, ಕೆಲಸ, ಮದುವೆ ಎಲ್ಲ ಮೊದಲಿಗಿಂತ ತಡವಾಗುತ್ತಿವೆ, ಹಾಗಾಗಿ ನಡುವಿನ ಕಾಲ ಎರಡೂ ಕಡೆಯಿಂದ ಉದ್ದವಾಗಿದೆ ಅನ್ನುವುದು ಅವರ ಮಾತು. ಶುರುವನ್ನು ದೇಹ ಹೇಳುತ್ತದೆ, ಕೊನೆಯನ್ನು ಸಮಾಜ ಹೇಳುತ್ತದೆ. ಅದಕ್ಕೇ ಕೊನೆ ಯಾವಾಗ ಅನ್ನುವುದರಲ್ಲಿ ಯಾವತ್ತೂ ಒಮ್ಮತ ಇಲ್ಲ.

ಮಗಳಿಗೆ ಇನ್ನೂ ಒಂಬತ್ತು, ಆಗಲೇ ಮೈ ಬದಲಾಗ್ತಿದೆ. ಇದು ತುಂಬಾ ಬೇಗ ಅಲ್ವಾ?

ಹುಡುಗಿಯರಲ್ಲಿ ಸಾಮಾನ್ಯವಾಗಿ 8 ರಿಂದ 13ರ ಒಳಗೆ, ಹುಡುಗರಲ್ಲಿ 9 ರಿಂದ 14ರ ಒಳಗೆ ಬದಲಾವಣೆ ಶುರುವಾಗುತ್ತದೆ. ಒಂಬತ್ತು ಆ ಮಿತಿಯ ಒಳಗೇ ಇದೆ. ಹುಡುಗಿಗೆ 8ಕ್ಕೆ ಮೊದಲು, ಹುಡುಗನಿಗೆ 9ಕ್ಕೆ ಮೊದಲು ಲಕ್ಷಣ ಕಂಡರೆ, ಅಥವಾ 13–14 ಆದರೂ ಏನೂ ಕಾಣದಿದ್ದರೆ ಡಾಕ್ಟರಿಗೆ ತೋರಿಸಿ. ಎದೆ ಬೆಳೆಯಲು ಶುರುವಾದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಅಂದರೆ ಅವಳ ಜೊತೆ ಆ ವಿಷಯ ಮಾತಾಡುವ ಹೊತ್ತು ಈಗಲೇ.

ಬೇಗ ಬೆಳೆಯುವ ಹುಡುಗಿಯರಿಗೆ ನಿಜವಾದ ತೊಂದರೆ ಕೊಡುವವರು ಸುತ್ತಲಿನ ಜನ. ಹತ್ತು ವರ್ಷದವಳು ಹದಿನಾಲ್ಕರ ಹಾಗೆ ಕಂಡರೆ ಎಲ್ಲರೂ ಹದಿನಾಲ್ಕರ ಬುದ್ಧಿಯನ್ನೇ ನಿರೀಕ್ಷಿಸುತ್ತಾರೆ, ಬೇಡದ ನೋಟಗಳೂ ಬೀಳುತ್ತವೆ. ಇವರಲ್ಲಿ ಖಿನ್ನತೆ, ಆತಂಕ ಸ್ವಲ್ಪ ಜಾಸ್ತಿ ಕಾಣುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಅವಳ ಮನಸ್ಸಿಗೆ ಇನ್ನೂ ಒಂಬತ್ತೇ ಅನ್ನೋದನ್ನು ಮನೆಯವರಾದರೂ ಮರೆಯಬಾರದು.

ರಾತ್ರಿ ಹನ್ನೆರಡಾದ್ರೂ ಮಲಗಲ್ಲ, ಬೆಳಿಗ್ಗೆ ಎಬ್ಬಿಸಿದ್ರೂ ಏಳಲ್ಲ. ಸೋಮಾರಿತನ ತಾನೇ?

ಬಹುಪಾಲು ಅಲ್ಲ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯಲು ಶುರುವಾಗುತ್ತದೆ. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ. ಚಿಕ್ಕ ಮಗುವಾಗಿದ್ದಾಗ ಒಂಬತ್ತಕ್ಕೇ ತೂಗುತ್ತಿದ್ದ ಕಣ್ಣು ಈಗ ಹನ್ನೊಂದಕ್ಕೂ ಚುರುಕಾಗಿರುತ್ತದೆ. ಆದರೆ ಬೇಕಾದ ನಿದ್ದೆ ಕಡಿಮೆಯಾಗಿಲ್ಲ, 13 ರಿಂದ 18 ವರ್ಷದವರಿಗೆ 8 ರಿಂದ 10 ಗಂಟೆ ಬೇಕು. ಬೆಳಿಗ್ಗೆ ಶಾಲೆ ಬೇಗ ಇದ್ದರೆ ಲೆಕ್ಕ ಹೊಂದುವುದೇ ಇಲ್ಲ. ಇದೇ ಕಾರಣಕ್ಕೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ದೊಡ್ಡ ಮಕ್ಕಳ ಶಾಲೆ ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಅಂತ ಹೇಳಿತು. ಕ್ಯಾಲಿಫೋರ್ನಿಯಾ ರಾಜ್ಯ ಹೈಸ್ಕೂಲುಗಳಿಗೆ ಅದನ್ನು ಕಾನೂನೇ ಮಾಡಿತು.

ಹಾಗಂತ ಮೊಬೈಲಿಗೆ ಪೂರ್ತಿ ಮಾಫಿ ಇಲ್ಲ. ಮೊದಲೇ ತಡವಾಗಿ ಬರುವ ನಿದ್ದೆಯನ್ನು ಅದು ಇನ್ನಷ್ಟು ತಡ ಮಾಡುತ್ತದೆ.

ಎಲ್ಲಾ ಹಾಳಾಗಿರೋದು ಮೊಬೈಲಿಂದಲೇ ಅಲ್ವಾ?

ಅಷ್ಟು ಸರಳವಿಲ್ಲ. 2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ ಲಕ್ಷಾಂತರ ಹದಿಹರೆಯದವರ ಮಾಹಿತಿ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಒಬ್ಬರಿಂದ ಒಬ್ಬರಿಗೆ ಇರುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4 ಅಂತ ಬಂತು. ಇದು ಸರಾಸರಿ. ಮೊದಲೇ ಕುಗ್ಗಿರುವ, ಹೊತ್ತಲ್ಲದ ಹೊತ್ತಲ್ಲಿ ಬೇರೆಯವರ ಫೋಟೋ ನೋಡುತ್ತಾ ತನ್ನನ್ನು ಅಳೆದುಕೊಳ್ಳುವ ಮಗುವಿನ ಕತೆ ಬೇರೆ ಇರಬಹುದು. ಎಷ್ಟು ಗಂಟೆ ಅನ್ನುವುದಕ್ಕಿಂತ ಯಾವುದನ್ನು ಬಿಟ್ಟು ಅನ್ನೋದನ್ನು ನೋಡಿ. ನಿದ್ದೆ, ಆಟ, ಎದುರಾಬದುರು ಸ್ನೇಹ ಹೋಗಿದ್ದರೆ ಚಿಂತೆ ಮಾಡಬೇಕು.

ಮೆದುಳು 25 ವರ್ಷಕ್ಕೆ ಪೂರ್ತಿ ಆಗುತ್ತೆ ಅಂತಾರಲ್ಲ, ಅಲ್ಲಿವರೆಗೂ ನಾವು ಅರೆಬೆಂದವರಾ?

ಈ 25 ಎಷ್ಟು ಹರಡಿದೆ ಅಂದರೆ ಜನ ಹುಟ್ಟುಹಬ್ಬದ ದಿನ ಮೆದುಳಿಗೆ ಸರ್ಟಿಫಿಕೇಟ್ ಸಿಗುತ್ತದೆ ಅಂದುಕೊಂಡಿದ್ದಾರೆ. ನಿಜ ಏನೆಂದರೆ, ಯೋಜನೆ ಮಾಡುವ, ಆಸೆಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಎಲ್ಲಕ್ಕಿಂತ ನಿಧಾನವಾಗಿ ಮಾಗುತ್ತದೆ. ಬಳಸದ ನರಕೊಂಡಿಗಳು ಕಡಿಮೆಯಾಗುತ್ತವೆ. ಉಳಿದವುಗಳ ಸುತ್ತ ಮಯಲಿನ್ ಅನ್ನುವ ಕೊಬ್ಬಿನ ಪದರ ಬೆಳೆದು ಸಂದೇಶಗಳು ಬೇಗ ಸಾಗುತ್ತವೆ. ಜೇ ಗೀಡ್ ಮತ್ತು ಜೊತೆಗಾರರು ಒಂದೇ ಮಕ್ಕಳ ಮೆದುಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ 1999ರಲ್ಲಿ ಇದರ ಚಿತ್ರ ಕೊಟ್ಟರು. ಆ ಅಧ್ಯಯನದಲ್ಲಿ ಇದ್ದವರು 4 ರಿಂದ ಸುಮಾರು 22 ವರ್ಷದವರು. ಮೆದುಳಿನ ಬೆಳವಣಿಗೆಯ ಗೆರೆ ಆ ವಯಸ್ಸಿನಲ್ಲೂ ಬದಲಾಗುತ್ತಲೇ ಇತ್ತು. ಅಲ್ಲಿಂದ 'ಇಪ್ಪತ್ತರ ನಡುವಿನವರೆಗೆ' ಅನ್ನುವ ಮಾತು ಬಂತು, ಬಾಯಿಂದ ಬಾಯಿಗೆ ಹೋಗಿ 25 ಆಯಿತು. ಆಮೇಲೂ ಮೆದುಳು ಬದಲಾಗುತ್ತದೆ, ಕೆಲವು ನರಮಾರ್ಗಗಳು ಮೂವತ್ತು ದಾಟಿದ ಮೇಲೂ ಮಾಗುತ್ತಿರುತ್ತವೆ.

ಇನ್ನೊಂದು ವಿಷಯ: ತಲೆಬಿಸಿ ಇಲ್ಲದೆ, ನಿಧಾನವಾಗಿ ಯೋಚಿಸಿ ತೀರ್ಮಾನ ಮಾಡುವುದರಲ್ಲಿ ಹದಿನಾರರ ಹುಡುಗಿ ದೊಡ್ಡವರಿಗೆ ಹೆಚ್ಚು ಕಡಿಮೆ ಸಮ. ಆತುರ ಇದ್ದಾಗ, ಸಿಟ್ಟು ಬಂದಾಗ, ಸ್ನೇಹಿತರು ನೋಡುತ್ತಿದ್ದಾಗ ಮಾತ್ರ ಅಂತರ ಎದ್ದು ಕಾಣುತ್ತದೆ.

ಒಬ್ಬನೇ ಇದ್ದಾಗ ಚಿನ್ನದಂಥ ಹುಡುಗ, ಸ್ನೇಹಿತರು ಸೇರಿದ್ರೆ ಹುಚ್ಚು ಸಾಹಸ. ಯಾಕೆ ಹಿಂಗೆ?

ಇದಕ್ಕೆ ಒಂದು ಚಂದದ ಪ್ರಯೋಗ ಇದೆ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಮೂರು ವಯಸ್ಸಿನವರಿಗೆ ಒಂದು ಕಾರಿನ ವಿಡಿಯೋ ಆಟ ಆಡಿಸಿದರು: 13–16, 18–22, ಮತ್ತು 24 ದಾಟಿದವರು. ಪರದೆ ಮೇಲೆ ಕಾರು ಹೋಗುತ್ತಿದೆ, ಹಳದಿ ದೀಪ ಹತ್ತುತ್ತದೆ. ಮುಂದೆ ಹೋದಷ್ಟೂ ಅಂಕ ಜಾಸ್ತಿ. ಆದರೆ ಯಾವುದೋ ಒಂದು ಕ್ಷಣದಲ್ಲಿ ಕೆಂಪು ಬಿದ್ದು ಗೋಡೆ ಎದ್ದು ನಿಲ್ಲುತ್ತದೆ. ಅಷ್ಟರೊಳಗೆ ನಿಲ್ಲಿಸದಿದ್ದರೆ ಗಳಿಸಿದ್ದೆಲ್ಲ ಹೋಯಿತು. ಕೆಲವರು ಒಬ್ಬರೇ ಆಡಿದರು, ಕೆಲವರ ಪಕ್ಕ ಇಬ್ಬರು ಓರಗೆಯವರು ನಿಂತು ಸಲಹೆ ಕೊಡುತ್ತಿದ್ದರು. ಪಕ್ಕದಲ್ಲಿ ಜನ ಇದ್ದಾಗ 24 ದಾಟಿದವರ ಆಟ ಬದಲಾಗಲಿಲ್ಲ. ನಡುವಿನವರು ಸ್ವಲ್ಪ ಜಾಸ್ತಿ ಧೈರ್ಯ ಮಾಡಿದರು. ಹದಿಹರೆಯದವರು ಸುಮಾರು ಎರಡು ಪಟ್ಟು.

ಆಮೇಲೆ 2011ರಲ್ಲಿ ಇಂಥದ್ದೇ ಆಟವನ್ನು ಮೆದುಳಿನ ಸ್ಕ್ಯಾನರ್ ಒಳಗೆ ಆಡಿಸಿದರು. ಸ್ನೇಹಿತರು ನೋಡುತ್ತಿದ್ದಾರೆ ಅಂತ ಗೊತ್ತಾದರೆ ಸಾಕು, ಹದಿಹರೆಯದವರ ಮೆದುಳಿನಲ್ಲಿ ಬಹುಮಾನಕ್ಕೆ ಸ್ಪಂದಿಸುವ ಭಾಗ ಹೆಚ್ಚು ಚುರುಕಾಯಿತು. ದೊಡ್ಡವರಲ್ಲಿ ಹಾಗಾಗಲಿಲ್ಲ. ಅಂದರೆ ಅಪಾಯ ಇದೆ ಅಂತ ಅವನಿಗೆ ಗೊತ್ತಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತು. ಆ ಹೊತ್ತಿಗೆ ಸಿಗುವ ಖುಷಿಯ ತೂಕ ಜಾಸ್ತಿ ಆಗಿಬಿಡುತ್ತದೆ. 'ಯಾಕೋ ಹಾಗೆ ಮಾಡ್ದೆ?' ಅಂತ ಕೇಳಿದರೆ ಅವನು ತಲೆ ತಗ್ಗಿಸಿ 'ಗೊತ್ತಿಲ್ಲ' ಅನ್ನುತ್ತಾನಲ್ಲ, ಅದು ಬಹಳ ಸಲ ನಿಜವೇ.

ಇದರಿಂದ ಉಪಯೋಗಕ್ಕೆ ಬರುವ ಪಾಠ ಒಂದಿದೆ. ಭಾಷಣಕ್ಕಿಂತ ಸಂದರ್ಭ ಬದಲಾಯಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರು ಕಾರಿನಲ್ಲಿ ಓರಗೆಯವರನ್ನು ಕೂರಿಸಿಕೊಳ್ಳಬಾರದು ಅನ್ನುವ ನಿಯಮ ಕೆಲವು ದೇಶಗಳಲ್ಲಿ ಇರುವುದು ಇದಕ್ಕೇ.

ಒಂದು ಮೊಡವೆ ಬಂದಿದ್ದಕ್ಕೆ ಮನೆಯಿಂದ ಹೊರಗೇ ಹೋಗಲ್ಲ ಅಂತಾಳೆ. ಇದು ಅತಿಯಾಯ್ತು ಅಲ್ವಾ?

ನಿಮಗೆ ಅತಿ. ಅವಳಿಗೆ ಊರೆಲ್ಲ ತನ್ನ ಗಲ್ಲವನ್ನೇ ನೋಡುತ್ತಿದೆ. ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು 'ಕಲ್ಪನೆಯ ಪ್ರೇಕ್ಷಕರು' ಅಂತ ಕರೆದರು. ಬೇರೆಯವರ ತಲೆಯಲ್ಲಿ ಏನು ಓಡುತ್ತಿದೆ ಅಂತ ಊಹಿಸುವ ಶಕ್ತಿ ಆಗಷ್ಟೇ ಬಲಿಯುತ್ತಿರುತ್ತದೆ, ಆ ತಲೆಗಳಲ್ಲೆಲ್ಲ ತಾನೇ ಇದ್ದೇನೆ ಅಂತ ಅನಿಸಿಬಿಡುತ್ತದೆ. ಇದರ ಅವಳಿ ಇನ್ನೊಂದಿದೆ: 'ನನ್ನ ಕಷ್ಟ ಯಾರಿಗೂ ಅರ್ಥವಾಗಲ್ಲ, ನನಗೇನೂ ಆಗಲ್ಲ' ಅನ್ನುವ ನಂಬಿಕೆ.

ದೊಡ್ಡವರು ನಗುವ ಹಾಗಿಲ್ಲ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ ತುಂಬಿದ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ಗಮನಿಸಿದ್ದು ಅದರಲ್ಲಿ ಅರ್ಧದಷ್ಟು ಮಾತ್ರ.

ಹದಿಹರೆಯ ಅಂದ್ಮೇಲೆ ಮನೇಲಿ ದಿನಾ ಜಗಳ ಇದ್ದಿದ್ದೇ ಬಿಡಿ?

1904ರಲ್ಲಿ ಸ್ಟ್ಯಾನ್ಲಿ ಹಾಲ್ ಹದಿಹರೆಯವನ್ನು ಬಿರುಗಾಳಿಯ ಕಾಲ ಅಂತ ಬಣ್ಣಿಸಿದ್ದು ಇಂದಿಗೂ ಬಿಟ್ಟಿಲ್ಲ. ಈಗಿನ ತಿಳಿವಳಿಕೆ ಹೀಗಿದೆ: ಜಗಳ, ಮೂಡು ಏರಿಳಿತ, ಅಪಾಯಕ್ಕೆ ಕೈ ಹಾಕುವುದು ಈ ವಯಸ್ಸಿನಲ್ಲಿ ಬೇರೆ ವಯಸ್ಸಿಗಿಂತ ಜಾಸ್ತಿ, ಆದರೆ ಎಲ್ಲರಿಗೂ ಆಗಲೇಬೇಕು ಅಂತಿಲ್ಲ. ಇನ್ನೊಂದು ಕುತೂಹಲ ಅಂದರೆ ಜಗಳಗಳ ಸಂಖ್ಯೆ ಹದಿಹರೆಯದ ಆರಂಭದಲ್ಲೇ ಹೆಚ್ಚು, ಆಮೇಲೆ ಇಳಿಯುತ್ತದೆ, ಜಗಳದ ಬಿಸಿ ಮಾತ್ರ ನಡುವಿನ ವರ್ಷಗಳಲ್ಲಿ ಏರುತ್ತದೆ. ವಿಷಯಗಳೋ, ಕೋಣೆ ಗಲೀಜು, ಬಟ್ಟೆ, ಎಷ್ಟು ಹೊತ್ತಿಗೆ ಮನೆಗೆ ಬಂದೆ ಇಂಥವೇ. ಅಪ್ಪ ಅಮ್ಮನಿಗೆ ಅದು ಶಿಸ್ತಿನ ಪ್ರಶ್ನೆ, ಮಗುವಿಗೆ ಅದು ತನ್ನ ಸ್ವಂತ ವಿಷಯ. ಜಗಳ ಶುರುವಾಗುವುದು ಅಲ್ಲಿ.

ಇದು ಮಾಮೂಲಿ ಮೂಡಾ, ಡಾಕ್ಟರ ಹತ್ರ ಹೋಗ್ಬೇಕಾ? ಹೇಗೆ ಗೊತ್ತಾಗೋದು?

ಮೂಡು ಬರುತ್ತದೆ, ಹೋಗುತ್ತದೆ. ಸಂಜೆ ಬಾಗಿಲು ಬಡಿದವಳು ರಾತ್ರಿ ಊಟಕ್ಕೆ ಬಂದು ನಗುತ್ತಾಳೆ. ಎರಡು ವಾರಕ್ಕೂ ಹೆಚ್ಚು ಹೊತ್ತು ಬಹುತೇಕ ದಿನವಿಡೀ ಬೇಸರ, ಇಷ್ಟವಿದ್ದ ಆಟ ಹಾಡು ಯಾವುದೂ ಬೇಡ, ನಿದ್ದೆ ಹಸಿವು ಕೆಟ್ಟಿದೆ, ಅಂಕ ಕುಸಿದಿದೆ, ಸ್ನೇಹಿತರನ್ನೂ ಬಿಟ್ಟಿದ್ದಾಳೆ ಅಂದರೆ ಕಾಯಬೇಡಿ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕಿಲ್ಲ, ಬರೀ ಸಿಡಿಮಿಡಿಯಾಗಿಯೂ ಬರುತ್ತದೆ. ಹಾಗಾಗಿ 'ಕೊಬ್ಬು' ಅಂತ ತಳ್ಳಿಹಾಕುವುದು ಸುಲಭ.

ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ (2005) ಜೀವನದಲ್ಲಿ ಮಾನಸಿಕ ಕಾಯಿಲೆ ಬಂದವರ ಪೈಕಿ ಅರ್ಧ ಮಂದಿಗೆ 14ರ ಒಳಗೆ, ಮುಕ್ಕಾಲು ಮಂದಿಗೆ 24ರ ಒಳಗೆ ಶುರುವಾಗಿತ್ತು. ಸಾಯುವ ಮಾತು ಬಂದರೆ, ಮೈಗೆ ಗಾಯ ಮಾಡಿಕೊಂಡಿದ್ದು ಕಂಡರೆ ಅವತ್ತೇ ಡಾಕ್ಟರನ್ನು ನೋಡಿ. 'ಸಾಯಬೇಕು ಅನ್ನಿಸ್ತಿದೆಯಾ' ಅಂತ ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಹಲವರಿಗೆ ಭಯ. ಹಾಗಾಗುವುದಿಲ್ಲ. ಕೇಳಿ.

## ಇಪ್ಪತ್ತು, ಮೂವತ್ತು

ವಯಸ್ಸು 24, ಏನಾಗ್ಬೇಕು ಅಂತಾನೇ ಗೊತ್ತಿಲ್ಲ. ನಾನು ಹಿಂದೆ ಬಿದ್ದೆನಾ?

ಜೆಫ್ರಿ ಆರ್ನೆಟ್ 2000ದಲ್ಲಿ 18 ರಿಂದ 25ರ ಕಾಲಕ್ಕೆ ಬೇರೆಯದೇ ಹೆಸರು ಬೇಕು ಅಂದರು: ಹದಿಹರೆಯ ಮುಗಿದಿದೆ, ದೊಡ್ಡವರೂ ಆಗಿಲ್ಲ. ಮನೆ, ಕೆಲಸ, ಪ್ರೀತಿ ಎಲ್ಲವನ್ನೂ ಬದಲಾಯಿಸಿ ನೋಡುವ ಕಾಲ. ಎಲ್ಲರಿಗೂ ಈ ಸೌಲಭ್ಯ ಇರುವುದಿಲ್ಲ ಅನ್ನಿ, ಹದಿನೆಂಟಕ್ಕೇ ಮನೆಯ ಹೊರೆ ಹೊತ್ತವರಿಗೆ ಹುಡುಕಾಟಕ್ಕೆ ಬಿಡುವೆಲ್ಲಿ?

ಜೇಮ್ಸ್ ಮಾರ್ಸಿಯಾ 1966ರಲ್ಲಿ ಕೇಳಿದ ಎರಡು ಪ್ರಶ್ನೆ ನಿಮಗೆ ಉಪಯೋಗವಾಗಬಹುದು. ನೀನು ಹುಡುಕಿದ್ದೀಯಾ? ಯಾವುದನ್ನಾದರೂ ಗಟ್ಟಿಯಾಗಿ ಹಿಡಿದಿದ್ದೀಯಾ? ಹುಡುಕಿ ಹಿಡಿದವರು ಒಂದು ಗುಂಪು. ಹುಡುಕುತ್ತಾ ಇರುವವರು ಇನ್ನೊಂದು. ಹುಡುಕದೆಯೇ ಮನೆಯವರು ಹೇಳಿದ್ದನ್ನು ಹಿಡಿದವರು ಮೂರನೆಯದು. ಹುಡುಕಾಟವೂ ಇಲ್ಲ, ಹಿಡಿತವೂ ಇಲ್ಲ ಅನ್ನುವವರು ನಾಲ್ಕನೆಯದು. ಹೊರಗಿನಿಂದ ನೋಡಿದರೆ ಮೂರನೇ ಗುಂಪು ಎಲ್ಲರಿಗಿಂತ ಮುಂದಿರುವ ಹಾಗೆ ಕಾಣುತ್ತದೆ, ಇಪ್ಪತ್ತೆರಡಕ್ಕೇ ಎಲ್ಲ ಸೆಟ್ಲ್. ಅವರಲ್ಲಿ ಕೆಲವರು ಮೂವತ್ತೈದಕ್ಕೆ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ನೀವು ಎರಡನೇ ಗುಂಪಿನವರಾದರೆ ಗಾಬರಿ ಬೇಡ. ನಾಲ್ಕನೆಯದಾದರೆ ಸುಮ್ನೆ ಯೋಚಿಸುತ್ತಾ ಕೂರಬೇಡಿ, ಯಾವುದಾದರೂ ಒಂದು ಕೆಲಸಕ್ಕೆ ಕೈ ಹಾಕಿ. ತಾನು ಯಾರು ಅನ್ನೋದು ಕೂತಲ್ಲಿ ಹೊಳೆಯುವುದು ಕಡಿಮೆ.

ನನ್ನ ಬಾಲ್ಯ ಚೆನ್ನಾಗಿರಲಿಲ್ಲ. ಇನ್ನು ಜೀವನಪೂರ್ತಿ ಹೀಗೇನಾ?

ಇದಕ್ಕೆ ಹವಾಯಿಯ ಕವಾಯ್ ದ್ವೀಪದ ಅಧ್ಯಯನದಿಂದ ಉತ್ತರ ಕೊಡುವುದು ನನಗೆ ಇಷ್ಟ. ಎಮ್ಮಿ ವರ್ನರ್ ಮತ್ತು ಜೊತೆಗಾರರು ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಮನೆಯ ಜಗಳ, ತಂದೆ ತಾಯಿಯ ಮಾನಸಿಕ ಕಾಯಿಲೆ ಹೀಗೆ ನಾಲ್ಕಾರು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿ, ಪ್ರೀತಿಯಿಂದ ಬದುಕುವ ದೊಡ್ಡವರಾದರು. ಅವರ ಬದುಕಲ್ಲಿ ಅಜ್ಜಿಯೋ, ಮೇಷ್ಟ್ರೋ, ನೆರೆಯವರೋ, ನಂಬಬಹುದಾದ ಒಬ್ಬ ದೊಡ್ಡವರು ಇದ್ದರು.

ಇದನ್ನು ಎಲ್ಲರೂ ಹೇಳುತ್ತಾರೆ. ಎರಡನೇ ಭಾಗವನ್ನು ಹೇಳುವವರು ಕಡಿಮೆ. ಉಳಿದ ಎರಡು ಭಾಗದವರು ಹದಿಹರೆಯದಲ್ಲಿ ಎಡವಿದ್ದರಲ್ಲ, ಅವರಲ್ಲೂ ಬಹಳಷ್ಟು ಜನ ಮೂವತ್ತು ನಲವತ್ತರ ಹೊತ್ತಿಗೆ ಸರಿಹೋಗಿದ್ದರು. ಮತ್ತೆ ಓದಿದ್ದು, ಕೈಗೊಂದು ಕಸುಬು ಬಂದಿದ್ದು, ಸೇನೆ ಸೇರಿದ್ದು, ಒಳ್ಳೆಯ ಸಂಗಾತಿ ಸಿಕ್ಕಿದ್ದು ಇಂಥವು ಅವರನ್ನು ತಿರುಗಿಸಿದವು. ಬಾಲ್ಯದ ಗಾಯ ಸುಳ್ಳಲ್ಲ, ಅದು ಅವಕಾಶಗಳನ್ನು ಕಡಿಮೆ ಮಾಡುತ್ತದೆ. ಎಲ್ಲವನ್ನೂ ಕಸಿಯುವುದಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ನಿಜಾನಾ?

ಅರ್ಧ ನಿಜ. ನೂರು ಜನರಲ್ಲಿ ಇವತ್ತು ಅತಿ ಮಾತುಗಾರನಾದವನು ಇಪ್ಪತ್ತು ವರ್ಷದ ಮೇಲೂ ಮಾತುಗಾರರ ಸಾಲಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಆದರೆ ಸಾಲಿಗೆ ಸಾಲೇ ಸರಿಯುತ್ತದೆ. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 92 ದೀರ್ಘಾವಧಿ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ವಯಸ್ಸಾದಂತೆ ಜನ ಹೆಚ್ಚು ಜವಾಬ್ದಾರಿಯವರೂ ಸಮಾಧಾನದವರೂ ಆಗುತ್ತಾರೆ ಅಂತ ಕಂಡುಬಂತು. ಅತಿ ಹೆಚ್ಚು ಬದಲಾವಣೆ ಆಗುವುದು ಹದಿಹರೆಯದಲ್ಲಲ್ಲ, 20 ರಿಂದ 40ರ ನಡುವೆ.

ತಮಾಷೆ ಏನೆಂದರೆ ನಮಗೇ ಇದು ಗೊತ್ತಾಗುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 18 ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು ಕೇಳಿತು: ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ? ಎಲ್ಲ ವಯಸ್ಸಿನವರೂ 'ಬಹಳ ಬದಲಾದೆ, ಇನ್ನು ಅಷ್ಟಾಗಿ ಬದಲಾಗಲ್ಲ' ಅನ್ನುವ ಅರ್ಥದ ಉತ್ತರವನ್ನೇ ಕೊಟ್ಟರು.

## ನಡುವಯಸ್ಸು

ಮಿಡ್‌ಲೈಫ್ ಕ್ರೈಸಿಸ್ ಅನ್ನೋದು ನಿಜವಾಗ್ಲೂ ಇದೆಯಾ, ಇಲ್ಲಾ ಕಾರು ಮಾರೋರು ಕಟ್ಟಿದ ಕತೆನಾ?

ಮಿಡ್‌ಲೈಫ್ ಕ್ರೈಸಿಸ್, ಅಂದರೆ ನಡುವಯಸ್ಸಿನ ಬಿಕ್ಕಟ್ಟು, ಅನ್ನುವ ಹೆಸರನ್ನು ಚಲಾವಣೆಗೆ ತಂದವರು ಎಲಿಯಟ್ ಜಾಕ್ವೆಸ್, 1965ರಲ್ಲಿ. ಅವರು ನೋಡಿದ್ದು ಕಲಾವಿದರ ಬದುಕನ್ನು. ಮೂವತ್ತೈದರ ಆಸುಪಾಸಿನಲ್ಲಿ ಸಾವಿನ ಅರಿವು ಬಂದು ಅವರ ಸೃಷ್ಟಿಯೇ ಬದಲಾಗುತ್ತದೆ ಅಂದರು. ಅಲ್ಲಿಂದ ಅದು ಎಲ್ಲರಿಗೂ ಆಗುವ ಕಾಯಿಲೆಯಂತೆ ಹಬ್ಬಿತು. ಅಮೆರಿಕದಲ್ಲಿ ಜನರನ್ನೇ ಕೇಳಿದಾಗ ಸುಮಾರು ಕಾಲು ಭಾಗ ಮಾತ್ರ 'ಹೌದು, ನನಗೆ ಆಗಿತ್ತು' ಅಂದರು. ಅವರಲ್ಲೂ ಬಹಳ ಜನ ಹೇಳಿದ ಕಾರಣ ಕೆಲಸ ಹೋದದ್ದು, ವಿಚ್ಛೇದನ, ಕಾಯಿಲೆ, ಹತ್ತಿರದವರ ಸಾವು. ಇವು ಯಾವ ವಯಸ್ಸಿನಲ್ಲಾದರೂ ಅಲ್ಲಾಡಿಸುವಂಥವೇ ಅಲ್ವಾ?

ಇನ್ನೊಂದು ಕಡೆ, ಸಂತೋಷದ ಗೆರೆ ನಲವತ್ತರ ಕೊನೆಯ ಆಸುಪಾಸಿನಲ್ಲಿ ಕೆಳಗಿಳಿದು ಮತ್ತೆ ಏರುತ್ತದೆ ಅಂತ ಬ್ಲಾಂಚ್‌ಫ್ಲವರ್ ಮತ್ತು ಓಸ್ವಾಲ್ಡ್ 2008ರಲ್ಲಿ ಹಲವು ದೇಶಗಳ ಅಂಕಿ ಇಟ್ಟು ತೋರಿಸಿದರು. ಇಳಿತ ಸಣ್ಣದು, ಅದರ ಬಗ್ಗೆ ತಕರಾರೂ ಇದೆ. 2012ರಲ್ಲಿ ಚಿಂಪಾಂಜಿ, ಒರಾಂಗುಟಾನ್‌ಗಳಲ್ಲೂ ಇಂಥದೇ ಇಳಿತ ಇದೆ ಅಂತ ಒಂದು ಅಧ್ಯಯನ ಬಂತು. ಅಂಕ ಹಾಕಿದ್ದು ಅವುಗಳನ್ನು ನೋಡಿಕೊಳ್ಳುವವರು. ಅವರ ವಯಸ್ಸು ಎಷ್ಟಿತ್ತು ಅಂತ ಕೇಳಬೇಕು ಅನ್ನಿಸುತ್ತದೆ ನನಗೆ.

ವಯಸ್ಸು 47. ನಿದ್ದೆ ಇಲ್ಲ, ಸುಮ್ನೆ ಸಿಟ್ಟು, ಅಳು. ನನಗೆ ತಲೆ ಕೆಟ್ಟಿದೆಯಾ?

ಮುಟ್ಟು ನಿಲ್ಲುವ ಮೊದಲಿನ ವರ್ಷಗಳು ಇರಬಹುದು. ಹೆಚ್ಚಿನವರಿಗೆ 45 ರಿಂದ 55ರ ಒಳಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೋಜನ್ ಏರಿಳಿಯಲು ಶುರುವಾಗಿರುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು, ಗಮನ ಜಾರುವುದು ಇದರ ಜೊತೆಗೇ ಬರುತ್ತವೆ. ಖಿನ್ನತೆಯ ಸಾಧ್ಯತೆಯೂ ಈ ಹೊತ್ತಿನಲ್ಲಿ ಹೆಚ್ಚು, ಮೊದಲೊಮ್ಮೆ ಖಿನ್ನತೆ ಬಂದಿದ್ದವರಿಗೆ ಇನ್ನೂ ಹೆಚ್ಚು. ಚಿಕಿತ್ಸೆ ಇದೆ. 'ಎಲ್ಲರಿಗೂ ಆಗೋದೇ, ಸಹಿಸ್ಕೋ' ಅನ್ನುವವರ ಮಾತು ಕೇಳಬೇಡಿ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ, ಅದೂ ಹೀಗೇ ಕಾಡುತ್ತದೆ.

ಮಕ್ಕಳು ಮನೆ ಬಿಟ್ಟು ಹೋದ್ಮೇಲೆ ಖಾಲಿ ಖಾಲಿ. ಇದು ಹೋಗುತ್ತಾ?

ಬಹುತೇಕರಿಗೆ ಹೋಗುತ್ತದೆ. ಮೊದಲ ತಿಂಗಳುಗಳು ಕಷ್ಟ. ಆಮೇಲೆ ಗಂಡ ಹೆಂಡತಿಯ ಸಂಬಂಧ ಸುಧಾರಿಸಿತು ಅನ್ನುವವರೇ ಅಧ್ಯಯನಗಳಲ್ಲಿ ಜಾಸ್ತಿ. ಮಕ್ಕಳ ವಿಷಯ ಬಿಟ್ಟು ಬೇರೆ ಮಾತೇ ಇಲ್ಲದ ದಂಪತಿಗೆ ಮಾತ್ರ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ.

ನಲವತ್ತು ದಾಟಿದ್ಮೇಲೆ ಹೊಸದೇನೂ ತಲೆಗೆ ಹತ್ತಲ್ಲ ಅಲ್ವಾ?

ಯಾವ ತಲೆ ಅನ್ನೋದು ಪ್ರಶ್ನೆ. ರೇಮಂಡ್ ಕ್ಯಾಟೆಲ್ ಬುದ್ಧಿಯನ್ನು ಎರಡಾಗಿ ನೋಡಿದರು: ಹೊಸ ಸಮಸ್ಯೆಯನ್ನು ಥಟ್ಟಂತ ಬಿಡಿಸುವುದು ಒಂದು, ಕೂಡಿಟ್ಟ ತಿಳಿವಳಿಕೆ ಇನ್ನೊಂದು. ಮೊದಲನೆಯದು ಬೇಗ ಇಳಿಯಲು ಶುರುವಾಗುತ್ತದೆ, ಎರಡನೆಯದು ಬಹಳ ಕಾಲ ಏರುತ್ತಲೇ ಇರುತ್ತದೆ. 2015ರಲ್ಲಿ ಸುಮಾರು 50,000 ಜನರ ಪರೀಕ್ಷೆಗಳನ್ನು ನೋಡಿದಾಗ ಇನ್ನೂ ಸೂಕ್ಷ್ಮವಾದ ಚಿತ್ರ ಬಂತು. ವೇಗ 18–19ಕ್ಕೇ ತುದಿ ಮುಟ್ಟುತ್ತದೆ. ಕಣ್ಣು ನೋಡಿ ಎದುರಿನವರ ಭಾವನೆ ಗುರುತಿಸುವುದು ನಲವತ್ತು ಐವತ್ತರಲ್ಲಿ. ಶಬ್ದಭಂಡಾರ ಅರವತ್ತು ದಾಟಿದ ಮೇಲೆ.

ಟೈಪಿಸ್ಟುಗಳ ಮೇಲೆ ಟಿಮೊತಿ ಸಾಲ್ಟ್‌ಹೌಸ್ 1984ರಲ್ಲಿ ಮಾಡಿದ ಪ್ರಯೋಗ ನನ್ನ ಮೆಚ್ಚಿನದು. ವಯಸ್ಸಾದ ಟೈಪಿಸ್ಟುಗಳ ಬೆರಳಿನ ಪ್ರತಿಕ್ರಿಯೆ ನಿಧಾನವಾಗಿತ್ತು, ಆದರೆ ಟೈಪಿಂಗ್ ವೇಗ ಎಳೆಯರಷ್ಟೇ ಇತ್ತು. ಹೇಗೆ? ಅವರ ಕಣ್ಣು ಬೆರಳಿಗಿಂತ ಹೆಚ್ಚು ಅಕ್ಷರ ಮುಂದೆ ಓಡುತ್ತಿತ್ತು. ಮುಂದಿನ ಅಕ್ಷರಗಳು ಕಾಣದಂತೆ ಮಾಡಿದಾಗ ಅವರ ವೇಗ ಕುಸಿಯಿತು. ನಿಮಗೆ ಗಿಟಾರ್ ಕಲಿಯಬೇಕಾ, ಹೊಸ ಭಾಷೆ ಬೇಕಾ, ಹದಿನೆಂಟರವರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೆ.

## ಇಳಿವಯಸ್ಸು

ಪರಿಚಯದವರ ಹೆಸರೇ ನೆನಪಾಗಲ್ಲ. ಮರೆವಿನ ಕಾಯಿಲೆ ಶುರುವಾಯ್ತಾ?

ಹೆಸರು ನಾಲಿಗೆ ತುದಿಯಲ್ಲಿದ್ದು ಸಂಜೆ ಇನ್ನೇನೋ ಮಾಡುವಾಗ ಥಟ್ಟನೆ ಬಂದರೆ ಅದು ವಯಸ್ಸು. ಕೀಲಿ ಎಲ್ಲಿಟ್ಟೆ ಅಂತ ಹುಡುಕುವುದು ಮಾಮೂಲಿ. ಒಂದೇ ಪ್ರಶ್ನೆಯನ್ನು ಗಂಟೆಯೊಳಗೆ ನಾಲ್ಕು ಸಲ ಕೇಳಿ, ಕೇಳಿದ್ದೇ ನೆನಪಿಲ್ಲದಿರುವುದು, ದಿನಾ ಓಡಾಡುವ ದಾರಿಯಲ್ಲಿ ಕಳೆದುಹೋಗುವುದು, ಮೊದಲು ಸಲೀಸಾಗಿ ಮಾಡುತ್ತಿದ್ದ ಹಣದ ಲೆಕ್ಕ ಆಗದಿರುವುದು ಚಿಂತೆಯ ವಿಷಯ. ಸಾಮಾನ್ಯವಾಗಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರಿಗಿಂತ ಮೊದಲು ಮನೆಯವರಿಗೇ ಅದು ಕಾಣುತ್ತದೆ. ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮರೆವು ತರುತ್ತವೆ, ಅವನ್ನು ಸರಿಪಡಿಸಬಹುದು, ಅದಕ್ಕೇ ಬೇಗ ತೋರಿಸಿ ಅನ್ನೋದು.

2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ 14 ಅಂಶಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ಸರಿಯಾಗಿ ನೋಡಿಕೊಂಡರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂತ ಅಂದಾಜು. ಬಿಪಿ, ಶುಗರ್, ಸಿಗರೇಟು ಎಲ್ಲರಿಗೂ ಗೊತ್ತು. ಕಿವಿ ಮಂದವಾಗುವುದೂ ಪಟ್ಟಿಯಲ್ಲಿದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಕಿವಿಗೆ ಮಷೀನು ಹಾಕಿಕೊಳ್ಳಲು ನಾಚಿಕೊಳ್ಳುವ ಅಪ್ಪನಿಗೆ ಇದನ್ನು ಹೇಳಿ.

ಅಪ್ಪ ಹೊಸಬರ ಜೊತೆ ಸೇರೋದೇ ಇಲ್ಲ, ಅದೇ ಇಬ್ಬರು ಹಳೇ ಸ್ನೇಹಿತರು. ಒಂಟಿಯಾಗ್ತಿದ್ದಾರಾ?

ಆ ಇಬ್ಬರ ಜೊತೆ ನಗುತ್ತಿದ್ದರೆ ಬಿಟ್ಟುಬಿಡಿ. ವಯಸ್ಸಾದಂತೆ ಜನ ತಾವಾಗಿಯೇ ಬಳಗವನ್ನು ಕಿರಿದು ಮಾಡಿಕೊಳ್ಳುತ್ತಾರೆ, ದೂರದ ಪರಿಚಯಗಳು ಕಳಚುತ್ತವೆ, ಹತ್ತಿರದವು ಉಳಿಯುತ್ತವೆ. ಲಾರಾ ಕಾರ್ಸ್ಟೆನ್ಸನ್ ಹೇಳುವ ಪ್ರಕಾರ ಇದಕ್ಕೆ ಕಾರಣ ವಯಸ್ಸಿಗಿಂತ ಹೆಚ್ಚಾಗಿ, ಎಷ್ಟು ಕಾಲ ಉಳಿದಿದೆ ಅನ್ನುವ ಭಾವನೆ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಸೇರುವ ಹೊತ್ತಿಗೆ ಒಂದು ಅಧ್ಯಯನ ನಡೆಯಿತು. ಒಂದು ಯುಗವೇ ಮುಗಿಯುತ್ತಿದೆ ಅನ್ನಿಸಿದ ಆ ತಿಂಗಳುಗಳಲ್ಲಿ ಅಲ್ಲಿನ ಯುವಕರೂ ಮುದುಕರ ಹಾಗೆಯೇ ಹೊಸಬರಿಗಿಂತ ಹತ್ತಿರದವರ ಜೊತೆಯನ್ನೇ ಬಯಸಿದರು. ಆ ಹೊತ್ತು ದಾಟಿದ ಮೇಲೆ ಯುವಕರು ಮೊದಲಿನಂತಾದರು.

ಆ ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ ಮಾತ್ರ ನಿಜವಾಗಿ ಎಚ್ಚರ ಬೇಕು. ಕಿರಿದಾದ ಬಳಗದಲ್ಲಿ ಒಂದು ಜಾಗ ಖಾಲಿಯಾದರೆ ತುಂಬುವುದು ಕಷ್ಟ.

ದುಃಖಕ್ಕೆ ಐದು ಹಂತ ಇದೆಯಂತೆ. ನನಗೆ ಸಿಟ್ಟೇ ಬರಲಿಲ್ಲ, ನಾನು ಸರಿಯಾಗಿ ದುಃಖಿಸಿಲ್ವಾ?

ವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಆ ಐದು ಹಂತ (ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಹೇಳಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ. ಆಮೇಲೆ ಅದನ್ನು ಅಗಲಿಕೆಯ ದುಃಖಕ್ಕೂ ಹಚ್ಚಿದರು. ಎಲ್ಲರೂ ಅದೇ ಸಾಲಿನಲ್ಲಿ ಹೋಗುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಒಂದು ಗಂಟೆ ಅತ್ತು, ಮುಂದಿನ ಗಂಟೆ ಬ್ಯಾಂಕಿನ ಕೆಲಸ ನೋಡಿ, ಮತ್ತೆ ಅಳುವುದು: ಹೆಚ್ಚಿನವರ ದುಃಖ ಹೀಗೇ ಆ ಕಡೆ ಈ ಕಡೆ ತೂಗುತ್ತಿರುತ್ತದೆ. ನಗು ಬಂದರೆ ತಪ್ಪು ಅಂದುಕೊಳ್ಳಬೇಡಿ. ವರ್ಷ ಕಳೆದರೂ ದಿನದ ಕೆಲಸವೇ ಮಾಡಲಾಗದಷ್ಟು ದುಃಖ ಹಾಗೇ ಇದ್ದರೆ ಅದಕ್ಕೆ ಈಗ ಬೇರೆಯದೇ ರೋಗನಿರ್ಣಯವೂ ಚಿಕಿತ್ಸೆಯೂ ಇವೆ.

ಅಮ್ಮನ ಕತೆಗಳೆಲ್ಲ ಅವರ ಇಪ್ಪತ್ತನೇ ವಯಸ್ಸಿನವೇ. ಯಾಕೆ?

ನಲವತ್ತು ದಾಟಿದ ಎಲ್ಲರಿಗೂ ಹೀಗೇ. ಜೀವನದ ನೆನಪುಗಳನ್ನು ಹೇಳಿ ಅಂದರೆ 10 ರಿಂದ 30ರ ನಡುವಿನವು ಎದ್ದು ಬರುತ್ತವೆ. ಮೊದಲ ಸಲದ ಅನುಭವಗಳು ಆ ಕಾಲದಲ್ಲೇ ಹೆಚ್ಚು, 'ನಾನು ಇಂಥವಳು' ಅನ್ನೋದು ರೂಪುಗೊಂಡಿದ್ದೂ ಆಗಲೇ. ಕತೆ ಮೊದಲೇ ಕೇಳಿದ್ದರೂ ಕೇಳಿ.

## ಸ್ವಲ್ಪ ಆಳಕ್ಕೆ

ಎರಿಕ್ಸನ್ ಅವರ ಎಂಟು ಹಂತಗಳನ್ನ ಎಷ್ಟು ನಂಬಬಹುದು?

ಮನೋವಿಜ್ಞಾನಿ ಎರಿಕ್ ಎರಿಕ್ಸನ್ 1950ರಲ್ಲಿ ಇಡೀ ಬದುಕನ್ನು ಎಂಟು ಹಂತವಾಗಿ ಭಾಗಿಸಿ ಮುಂದಿಟ್ಟಾಗ ಮಾಡಿದ ದೊಡ್ಡ ಕೆಲಸ ಅಂದರೆ ಬೆಳವಣಿಗೆ ಹದಿಹರೆಯಕ್ಕೆ ಮುಗಿಯುವುದಿಲ್ಲ ಅಂತ ತೋರಿಸಿದ್ದು. ಬಾಲ್ಯದ ನಾಲ್ಕು ಹಂತ ಬಿಟ್ಟರೆ ಉಳಿದವು ಇವು: ಹದಿಹರೆಯದಲ್ಲಿ ನಾನು ಯಾರು ಅನ್ನುವ ಪ್ರಶ್ನೆ, ಯೌವನದಲ್ಲಿ ಆಪ್ತತೆ, ನಡುವಯಸ್ಸಿನಲ್ಲಿ ಮುಂದಿನವರಿಗಾಗಿ ಏನಾದರೂ ಮಾಡುವ ಹಂಬಲ, ಕೊನೆಗೆ ಬದುಕಿದ ಬದುಕನ್ನು ಒಪ್ಪಿಕೊಳ್ಳುವುದು. ಸ್ವಂತ ತಂದೆ ಯಾರೆಂದು ತಿಳಿಯದೆ ಬೆಳೆದ, ಕೊನೆಗೆ ತನ್ನ ಉಪನಾಮವನ್ನು ತಾನೇ ಇಟ್ಟುಕೊಂಡ ಮನುಷ್ಯ 'ನಾನು ಯಾರು' ಅನ್ನುವುದನ್ನು ನಡುವೆ ತಂದಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆಗಳ ಪಟ್ಟಿಯಾಗಿ ಅದು ಇವತ್ತಿಗೂ ಚೆನ್ನಾಗಿದೆ. ವೇಳಾಪಟ್ಟಿಯಾಗಿ ಇಟ್ಟುಕೊಂಡರೆ ಕೆಲಸ ಕೆಡುತ್ತದೆ. ವಿಚ್ಛೇದನದ ನಂತರ ನಲವತ್ತೈದರಲ್ಲಿ 'ನಾನು ಯಾರು' ಮತ್ತೆ ಬರುತ್ತದೆ, ಆಪ್ತತೆ ಮೊದಲು ಸಿಕ್ಕಿ ಅದರ ಮೂಲಕವೇ ತಾನು ಯಾರು ಅಂತ ಗೊತ್ತಾಗುವವರೂ ಇದ್ದಾರೆ. ಕರೋಲ್ ಗಿಲ್ಲಿಗನ್ ಅವರು, ಇಂಥ ಸಿದ್ಧಾಂತಗಳು ಗಂಡಸರ ಬದುಕನ್ನೇ ಅಳತೆಗೋಲು ಮಾಡಿಕೊಂಡಿವೆ ಅಂತ 1982ರಲ್ಲಿ ಆಕ್ಷೇಪ ಎತ್ತಿದ್ದೂ ಇದಕ್ಕೇ.

ಇಷ್ಟು ವರ್ಷದ ಬದಲಾವಣೆಯನ್ನ ಅಳೆಯೋದು ಹೇಗೆ? ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಹೋಲಿಸಿದ್ರೆ ಸಾಕಲ್ವಾ?

ಸಾಲದು. ಇವತ್ತಿನ ಎಪ್ಪತ್ತರವರು ಬೇರೆ ಕಾಲದಲ್ಲಿ, ಬೇರೆ ಶಾಲೆಯಲ್ಲಿ, ಬೇರೆ ಪೌಷ್ಟಿಕತೆಯಲ್ಲಿ ಬೆಳೆದವರು. ಅಂತರ ಕಂಡರೆ ಅದು ವಯಸ್ಸಿನದೋ ತಲೆಮಾರಿನದೋ ಹೇಳಲಾಗುವುದಿಲ್ಲ. ವಾರ್ನರ್ ಶಾಯಿ 1956ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಎರಡೂ ರೀತಿ ಅಳೆಯಿತು. ಬೇರೆ ಬೇರೆ ವಯಸ್ಸಿನವರನ್ನು ಒಂದೇ ದಿನ ಅಳೆದರೆ ಬುದ್ಧಿ ಮೂವತ್ತಕ್ಕೇ ಇಳಿಯುತ್ತಿದ್ದಂತೆ ಕಾಣುತ್ತಿತ್ತು. ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಅಳೆದಾಗ, ಹೆಚ್ಚಿನ ಸಾಮರ್ಥ್ಯಗಳು ಅರವತ್ತರ ಹತ್ತಿರದವರೆಗೂ ಗಟ್ಟಿಯಾಗಿದ್ದವು.

ಹೀಗೆ ಅದೇ ಜನರನ್ನು ದೀರ್ಘಾವಧಿ ಹಿಂಬಾಲಿಸುವುದಕ್ಕೂ ಅದರದೇ ತೊಂದರೆ ಇದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಂಥ ಒಂದು ಅಧ್ಯಯನ 1938ರಿಂದ ನಡೆಯುತ್ತಿದೆ. 50ರ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ತೃಪ್ತಿ ಇದ್ದವರು 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಅನ್ನುವ ಅದರ ಮಾತು ಬಹಳ ಪ್ರಸಿದ್ಧ. ಆದರೆ ಅಲ್ಲಿ ಮೊದಲು ಸೇರಿಸಿಕೊಂಡದ್ದು 268 ಹಾರ್ವರ್ಡ್ ವಿದ್ಯಾರ್ಥಿಗಳು, ಜೊತೆಗೆ ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರು. ಎಲ್ಲರೂ ಗಂಡಸರು, ಒಂದೇ ಊರಿನ ಆಸುಪಾಸಿನವರು. ಸಂಬಂಧ ಚೆನ್ನಾಗಿದ್ದಿದ್ದಕ್ಕೆ ಆರೋಗ್ಯವೋ, ಆರೋಗ್ಯ ಇದ್ದಿದ್ದಕ್ಕೆ ಸಂಬಂಧವೋ ಅನ್ನುವುದನ್ನೂ ಅದೊಂದರಿಂದಲೇ ಬಿಡಿಸಲಾಗುವುದಿಲ್ಲ.

ಹದಿಹರೆಯದಲ್ಲಿ ಕಳ್ಳತನ, ಹೊಡೆದಾಟ ಮಾಡಿದ ಕೆಲವರು ಆಮೇಲೆ ಸರಿಹೋಗ್ತಾರೆ, ಕೆಲವರು ಹೋಗಲ್ಲ. ಮೊದಲೇ ಗುರುತಿಸಬಹುದಾ?

ಸ್ವಲ್ಪ ಮಟ್ಟಿಗೆ. ಟೆರಿ ಮಾಫಿಟ್ 1993ರಲ್ಲಿ ಇವರನ್ನು ಎರಡು ಬಗೆ ಮಾಡಿದರು. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳ ಅಧ್ಯಯನ ಅವರಿಗೆ ದೊಡ್ಡ ಆಧಾರ. ಒಂದು ಸಣ್ಣ ಗುಂಪಿನಲ್ಲಿ ತೊಂದರೆ ಐದಾರು ವರ್ಷದಿಂದಲೇ ಕಾಣುತ್ತದೆ: ಕಚ್ಚುವುದು, ಹೊಡೆಯುವುದು, ಗಮನ ನಿಲ್ಲದಿರುವುದು, ಓದು ತಡವಾಗುವುದು, ಮನೆಯಲ್ಲೂ ಕಷ್ಟ. ಇವರಲ್ಲಿ ಅದು ದೊಡ್ಡವರಾದ ಮೇಲೂ ಮುಂದುವರಿಯುವ ಸಾಧ್ಯತೆ ಹೆಚ್ಚು. ದೊಡ್ಡ ಗುಂಪಿನವರದು ಬೇರೆ. ಬಾಲ್ಯ ಸರಿಯಾಗಿಯೇ ಇರುತ್ತದೆ, ಹದಿಮೂರು ಹದಿನಾಲ್ಕಕ್ಕೆ ಶುರು, ಇಪ್ಪತ್ತು ದಾಟುತ್ತಾ ಕೆಲಸ, ಸಂಸಾರ ಬಂದಂತೆ ಬಿಡುತ್ತಾರೆ.

ಹದಿನಾರನೇ ವಯಸ್ಸಿನ ಒಂದು ದಿನ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ವ್ಯತ್ಯಾಸ ಕಾಣುವುದಿಲ್ಲ, ಮಾಡಿದ ತಪ್ಪೂ ಒಂದೇ ಇರಬಹುದು. ಹಿಂದಿನ ಹತ್ತು ವರ್ಷ ಹೇಗಿತ್ತು ಅಂತ ಕೇಳಬೇಕು. ಎರಡನೇ ಗುಂಪಿನವರಿಗೆ ದೊಡ್ಡ ಅಪಾಯ ಅಂದರೆ ಬಿಟ್ಟು ಬರುವ ದಾರಿಯೇ ಮುಚ್ಚಿಹೋಗುವುದು: ಜೈಲು, ಅರ್ಧಕ್ಕೆ ನಿಂತ ಓದು, ಚಟ. ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ 18ರ ಒಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದು ಅಂದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು, ಈ ವಯಸ್ಸಿನವರ ಗುಣ ಇನ್ನೂ ಗಟ್ಟಿಯಾಗಿರುವುದಿಲ್ಲ ಅನ್ನುವುದು. ಮೊದಲ ಗುಂಪಿಗೆ ಸಹಾಯ ಮಾಡಬೇಕಾದ ಹೊತ್ತು ಹದಿನಾರಲ್ಲ, ಆರು. ಹದಿನಾರರಲ್ಲಿ ಬಂದವರನ್ನು ವಾಪಸ್ ಕಳಿಸಿ ಅಂತ ಇದರ ಅರ್ಥ ಅಲ್ಲ, ಆಗ ಕೆಲಸ ಹೆಚ್ಚು ಹಿಡಿಯುತ್ತದೆ.